ಬಬಲೇಶ್ವರದ ಕಾಟಾ ಮತ್ತು ನನ್ನ ಎರಡನೇ ಪ್ರೋಗ್ರಾಮು

"ಬಬಲೇಶ್ವರದ ಕಾಟಾ ಮುಚ್ಚಬಹುದು." ಈ ಮಾತನ್ನು ಬರೆದವಳು ನಾನೇ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಹತ್ತಿ ಸುಗ್ಗಿಯಲ್ಲಿ, ಹನ್ನೆರಡು ಪುಟದ ವರದಿಯ ಕೊನೆಯ ಪುಟದಲ್ಲಿ ಬರೆದು, ಕೆಳಗೆ ಗೆರೆ ಬೇರೆ ಎಳೆದಿದ್ದೆ.

ವಿಜಾಪುರದ ಹತ್ತಿ ಬೆಳೆಗಾರರ ಸಂಘವೊಂದಕ್ಕೆ ಆಗ ಎರಡು ಕಾಟಾ ಇದ್ದವು, ತಿಕೋಟಾದಲ್ಲಿ ಒಂದು, ಬಬಲೇಶ್ವರದಲ್ಲಿ ಒಂದು. ಕಾಟಾ ಅಂದರೆ ತಕ್ಕಡಿ ಮಾತ್ರ ಅಲ್ಲ. ಗೋಡೆ ಕಟ್ಟಿದ ಅಂಗಳ, ಹಿಂದೊಂದು ಗೋದಾಮು, ತೂಗುವವರು ಒಬ್ಬರು, ಎತ್ತಿನ ಚಕ್ಕಡಿಯಿಂದ ಹತ್ತಿ ಅಂಡಿಗೆ, ಅಂದರೆ ದೊಡ್ಡ ಚೀಲ, ಇಳಿಸುವ ಹಮಾಲರು, ಎಲ್ಲ ಸೇರಿ ಊರವರ ಬಾಯಲ್ಲಿ ಕಾಟಾ. ತಿಕೋಟಾದಲ್ಲಿ ಇನ್ನೊಂದು ತಕ್ಕಡಿ ಹಾಕಿದರೆ ಬಬಲೇಶ್ವರದ್ದನ್ನು ಮುಚ್ಚಬಹುದೇ ಎಂಬುದು ಸಂಘದ ಕಾರ್ಯದರ್ಶಿಯ ಪ್ರಶ್ನೆ. ಅದಕ್ಕೆ ಕಂಪ್ಯೂಟರಿನಿಂದ ಉತ್ತರ ಕೊಡಿಸುತ್ತೇವೆಂದು ಒಪ್ಪಿಕೊಂಡದ್ದು ಪುಣೆಯಲ್ಲಿ ನಾನು ಕೆಲಸ ಮಾಡುತ್ತಿದ್ದ ಸಂಸ್ಥೆ. ಹುಡುಗಿ ಆ ಕಡೆಯವಳೇ, ಭಾಷೆ ಗೊತ್ತಿದೆ ಎಂದು ನನ್ನನ್ನು ಕಳಿಸಿದರು. ಜಲನಗರದಲ್ಲಿ ಅಣ್ಣನ ಮನೆ ಇತ್ತು, ವಾಸಕ್ಕೂ ಊಟಕ್ಕೂ ಚಿಂತೆಯಿರಲಿಲ್ಲ. ಎಂಟು ವರ್ಷ ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮು ಬರೆದಿದ್ದೆ. ಸೊಕ್ಕೂ ಎಂಟು ವರ್ಷದ್ದೇ ಇತ್ತು.

ನನ್ನ ಪ್ರೋಗ್ರಾಮು ಸರಳವಾಗಿತ್ತು. ಚಕ್ಕಡಿ ಬರುತ್ತದೆ, ಗೇಟಿನಲ್ಲಿ ಚೀಟಿ ಪಡೆಯುತ್ತದೆ, ಸಾಲಿನಲ್ಲಿ ನಿಲ್ಲುತ್ತದೆ, ತೂಗಿಸುತ್ತದೆ, ಹೋಗುತ್ತದೆ. ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ ಮೇಲಿಂದ ಕೆಳಕ್ಕೆ ಆಜ್ಞೆಗಳು. ಸಂಘದ ಗುಮಾಸ್ತರು ಬರೆದಿಟ್ಟ ಬಂದ ಹೊತ್ತು ಮತ್ತು ತೂಗಿದ ಹೊತ್ತು ಕೊಟ್ಟೆ. ಎರಡು ತಕ್ಕಡಿ ಇದ್ದರೆ ತಿಕೋಟಾದಲ್ಲಿ ಯಾರೂ ಒಂದು ತಾಸಿಗಿಂತ ಹೆಚ್ಚು ಕಾಯಬೇಕಿಲ್ಲ ಎಂದು ಉತ್ತರ ಬಂತು. ಬರೆದೆ, ಸಹಿ ಹಾಕಿದೆ, ಕೊಟ್ಟೆ. ಆಡಳಿತ ಮಂಡಳಿ ಸುಗ್ಗಿ ಮುಗಿಯುವಾಗ ಸಭೆ ಸೇರಿ ತೀರ್ಮಾನಿಸುವುದಿತ್ತು.

ವರದಿ ಕೊಟ್ಟ ಮೇಲೆ, ಕಡತಕ್ಕೆ ಬೇಕಾದ ಒಂದೆರಡು ಅಂಕಿ ಬಾಕಿ ಇದ್ದವೆಂದು ಬಬಲೇಶ್ವರಕ್ಕೆ ಹೋದೆ. ಹಾಗೆ ನೋಡಿದರೆ ಆ ಅಂಗಳಕ್ಕೆ ಅದೇ ನನ್ನ ಮೊದಲ ಭೇಟಿ. ಮುಚ್ಚಬಹುದು ಎಂದು ಬರೆದ ಜಾಗವನ್ನು ಬರೆಯುವ ಮುಂಚೆ ಕಣ್ಣಿಂದ ಕಂಡಿರಲಿಲ್ಲ. ಈಗ ಹೇಳಲು ನಾಚಿಕೆಯಾಗುತ್ತದೆ.

ಅಲ್ಲಿ ತೂಗುವವರು ಅರವತ್ತರ ಆಸುಪಾಸಿನವರು, ತಲೆಗೆ ಬಿಳಿ ರುಮಾಲು, ಕಿವಿಯ ಮೇಲೆ ಪೆನ್ಸಿಲು. ಆರು ಜನ ಹಮಾಲರು, ಅವರಲ್ಲಿ ಇಬ್ಬರು ವಯಸ್ಸಾದವರು. ನಾನು ಯಾರೆಂದು ಅವರಿಗೆ ಆಗಲೇ ಗೊತ್ತಿತ್ತು.

"ಬರ್ರಿ ಅಕ್ಕಾರ, ಕೂಡ್ರಿ" ಎಂದು ತೂಗುವವರು ಖಾಲಿ ಚೀಲ ಹಾಸಿದರು. ನೀರು ಕೊಟ್ಟರು. ಆಮೇಲೆ ನೇರವಾಗಿ ಕೇಳಿದರು. "ನಮ್ಮ ಕಾಟಾ ಮುಚ್ಚಬೇಕಂತ ಬರದ ಕೊಟ್ಟೀರಂತ. ಖರೇ ಏನ್ರಿ?"

"ಖರೇ ಐತ್ರಿ ಕಾಕಾರ. ಲೆಕ್ಕ ಹಂಗ ಬಂತು."

"ಬಂತಂದ್ರ ಬಂತು ಬಿಡ್ರಿ" ಎಂದು ತೂಗಲು ಎದ್ದರು. ಸಿಟ್ಟಿನ ಮಾತೊಂದೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ನಿಡೋಣಿ ಎಂಬ ಊರಿನ ಎಂಟು ಚಕ್ಕಡಿಗಳ ತೂಕ ಮುಗಿದು ಒಂದೂವರೆ ತಾಸಾಗಿದ್ದರೂ ಅವು ಅಂಗಳ ಬಿಟ್ಟಿರಲಿಲ್ಲ. ಎತ್ತುಗಳ ಕೊಳ್ಳು ಹರಿದು, ಅಂದರೆ ನೊಗದಿಂದ ಬಿಚ್ಚಿ, ಮೇವು ಹಾಕಿ, ಗಾಡಿಯವರು ಗೋಡೆಯ ನೆರಳಲ್ಲಿ ರೊಟ್ಟಿ ಬಿಚ್ಚಿದ್ದರು.

"ಇವ್ರ ಯಾಕ ಹೋಗಿಲ್ರಿ?" ಎಂದು ತೂಗುವವರನ್ನು ಕೇಳಿದೆ.

"ಒಂಬತ್ತನೇದು ಬಂದಿಲ್ಲಲ್ರಿ. ಹಾದ್ಯಾಗ ಅಚ್ಚಿನ ಕಡಾಣಿ ಕಳಚಿ ಗಾಲಿ ಬಿಚ್ಚೇತಂತ."

"ಅದು ಬಂದಿಲ್ಲಂದ್ರ ಇವ್ರು ಯಾಕ ಕಾಯಬೇಕು?"

ಅವರು ನನ್ನ ಮುಖವನ್ನೇ ನೋಡಿದರು. ಇಷ್ಟೂ ತಿಳಿಯದವಳು ಇದ್ದಾಳಲ್ಲ ಎಂಬಂತೆ. "ಊರಿಂದ ಕೂಡಿ ಬಂದಾರ, ಕೂಡಿ ಹೋಗ್ತಾರ್ರಿ. ಒಬ್ಬನ ಎತ್ತು ಇನ್ನೊಬ್ಬನ ಗಾಡಿಗಿರ್ತಾವ. ಹಾದ್ಯಾಗ ಗಾಲಿ ಕೆಟ್ರ ಎತ್ತಾಕ ಮಂದಿ ಬೇಕು. ಒಬ್ಬನ್ನ ಬಿಟ್ಟು ಹ್ವಾದ್ರ ನಾಳೆ ಇವನ ಗಾಡಿ ನಿಂತಾಗ ಯಾರು ಬರ್ತಾರ?"

ಗುಮಾಸ್ತರು ಬರೆದದ್ದು ಬಂದ ಹೊತ್ತು ಮತ್ತು ತೂಗಿದ ಹೊತ್ತು. ಹೊರಟ ಹೊತ್ತನ್ನು ಯಾರೂ ಬರೆದಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ತೂಗಿದ ಕೂಡಲೇ ನನ್ನ ಪ್ರೋಗ್ರಾಮು ಚಕ್ಕಡಿಯನ್ನು ಅಂಗಳದಿಂದ ಅಳಿಸಿಬಿಡುತ್ತಿತ್ತು. ನಿಜದಲ್ಲಿ ಅದು ಅಲ್ಲೇ ಜಾಗ ಹಿಡಿದು ನಿಂತಿರುತ್ತಿತ್ತು. ತಿಕೋಟಾದ ಅಂಗಳದಲ್ಲಿ ಹಿಡಿಯುವುದು ಮೂವತ್ತು ಚಕ್ಕಡಿ. ಬಸ್ಸಿನಲ್ಲಿ ವಿಜಾಪುರ ಮುಟ್ಟುವಷ್ಟರಲ್ಲಿ ನನ್ನ ವರದಿ ತಪ್ಪು ಎಂಬುದು ಖಾತ್ರಿಯಾಗಿತ್ತು. ಎಷ್ಟು ತಪ್ಪು ಎಂಬುದು ಗೊತ್ತಾಗಬೇಕಿತ್ತು.

ತಿದ್ದಲು ಕುಳಿತೆ. ಫೋರ್ಟ್ರಾನ್ ನನ್ನ ಕೈಯ ಭಾಷೆ, ಎರಡು ದಿನದ ಕೆಲಸ ಅಂದುಕೊಂಡೆ. ಚಕ್ಕಡಿಯ ಊರಿಗೆ ಒಂದು ಪಟ್ಟಿ ಮಾಡಿದೆ, ತೂಗಿದೆಯೋ ಇಲ್ಲವೋ ಎಂಬುದಕ್ಕೆ ಇನ್ನೊಂದು, ಆ ಊರಿನವು ಎಷ್ಟು ಬಾಕಿ ಎಂಬುದಕ್ಕೆ ಮತ್ತೊಂದು. ಪ್ರತಿ ನಿಮಿಷಕ್ಕೂ ಎಲ್ಲ ಪಟ್ಟಿಗಳ ಮೇಲೆ ಕಣ್ಣಾಡಿಸಿ, ಹೀಗಿದ್ದರೆ ಅಲ್ಲಿಗೆ ಹೋಗು, ಹಾಗಿದ್ದರೆ ಇಲ್ಲಿಗೆ ಹೋಗು ಎಂಬ ಆಜ್ಞೆಗಳು. ವಿಜಾಪುರದಲ್ಲಿ ಆಗ ಕಂಪ್ಯೂಟರು ಎಲ್ಲಿತ್ತು? ಎಂಬತ್ತು ಮನೆಗಳ ಹಾಳೆಯ ಮೇಲೆ ಪೆನ್ಸಿಲಿನಿಂದ ಬರೆದು ಅಂಚೆಯಲ್ಲಿ ಮುಂಬೈಗೆ ಕಳಿಸಬೇಕು. ಅಲ್ಲಿ ದೊಡ್ಡ ಯಂತ್ರದ ಹತ್ತಿರ ಕೆಲಸ ಮಾಡುವ ನನ್ನ ಗೆಳತಿ, ಧಾರವಾಡ ಕಡೆಯವಳು, ಅದನ್ನು ಕಾರ್ಡುಗಳಲ್ಲಿ ತೂತು ಹೊಡೆಸಿ ಓಡಿಸಿ, ಮುದ್ರಿತ ಕಾಗದವನ್ನು ವಾಪಸು ಅಂಚೆಗೆ ಹಾಕಬೇಕು. ಎಂಟೊಂಬತ್ತು ದಿನ ಹಿಡಿಯುತ್ತಿತ್ತು.

ಮೊದಲ ಸಲ ಬಂದ ಕಾಗದದಲ್ಲಿ ನಿಡೋಣಿಯ ಚಕ್ಕಡಿಗಳು ಬರುವ ಮೊದಲೇ ಹೊರಟು ಹೋಗಿದ್ದವು. ತಿದ್ದಿ ಕಳಿಸಿದೆ. ಎರಡನೇ ಸಲ ಘೋಣಸಗಿ ಎಂಬ ಬೇರೆ ಊರಿನ ಚಕ್ಕಡಿಯೊಂದು ನಿಡೋಣಿಯವರಿಗಾಗಿ ಸಾಯಂಕಾಲದವರೆಗೆ ಕಾದಿತ್ತು. ಒಂದು ಪಟ್ಟಿ ತಿದ್ದಿದರೆ ಇನ್ನೊಂದು ಕೆಡುತ್ತಿತ್ತು. ಯಾವ ಆಜ್ಞೆ ಯಾವ ಪಟ್ಟಿಯನ್ನು ಮುಟ್ಟುತ್ತದೆ ಎಂಬುದು ಬರೆದ ನನಗೇ ನೆನಪಿರುತ್ತಿರಲಿಲ್ಲ. ಅಣ್ಣನ ಮನೆಯಲ್ಲಿ ಎಲ್ಲರ ಮೇಲೂ ಸಿಡುಕಿದೆ. ವೈನಿ, ಅಂದರೆ ನನ್ನ ಅತ್ತಿಗೆ, ಎರಡು ದಿನ ಸುಮ್ಮನಿದ್ದು ಮೂರನೇ ದಿನ, "ಹತ್ತಿ ಅವ್ರದು, ಗಾಡಿ ಅವ್ರದು, ಸಿಟ್ಟ್ ಮಾತ್ರ ನಮ್ಮ ಮ್ಯಾಲೇನ ಬೇ?" ಎಂದಳು.

ಎರಡನೇ ಕಾಗದದ ಜೊತೆ ಗೆಳತಿ ಒಂದು ಚೀಟಿಯನ್ನೂ ಟೈಪು ಮಾಡಿದ ಒಂದು ಕಟ್ಟನ್ನೂ ಇಟ್ಟಿದ್ದಳು. "ನಮ್ಮ ಯಂತ್ರಕ್ಕೆ ಸಿಮ್ಯುಲಾ ಎಂಬ ಭಾಷೆ ಬಂದಿದೆ. ನಿನ್ನಂಥ ಕೆಲಸಕ್ಕೇ ಹುಟ್ಟಿದ್ದು. ಹಟ ಬಿಟ್ಟು ಓದು." ಓದಲಿಲ್ಲ. ನಾಲ್ಕು ದಿನ ಅದು ಕಪಾಟಿನ ಮೇಲೆ ಬಿದ್ದಿತ್ತು. ಎಂಟು ವರ್ಷ ಕೆಲಸ ಮಾಡಿದವಳಿಗೆ ಮತ್ತೆ ಸ್ಲೇಟು ಬಳಪ ಹಿಡಿ ಅಂದರೆ ಯಾರಿಗೆ ಹಿಡಿಸುತ್ತದೆ? ಐದನೇ ದಿನ, ಮೂರನೇ ಸಲ ಫೋರ್ಟ್ರಾನ್ ತಿದ್ದಲು ಕುಳಿತಾಗ ನನ್ನದೇ ಹಾಳೆ ನನಗೆ ಅರ್ಥವಾಗಲಿಲ್ಲ. ಎದ್ದು ಕಟ್ಟನ್ನು ಕೆಳಗಿಳಿಸಿದೆ.

ಅದರಲ್ಲಿ ಬರೆದಿದ್ದ ವಿಚಾರ ಹೀಗಿತ್ತು. ಚಕ್ಕಡಿ ಎಂದರೇನು, ಅದರ ಹತ್ತಿರ ಏನೇನಿರುತ್ತದೆ, ಅದು ಏನೇನು ಮಾಡುತ್ತದೆ ಎಂಬ ನಮೂನೆಯನ್ನು ಒಮ್ಮೆ ಬರೆಯಬೇಕು. ಆ ನಮೂನೆಯಿಂದ ಬೇಕಾದಷ್ಟು ಚಕ್ಕಡಿ ಹುಟ್ಟಿಸಬಹುದು. ಪ್ರತಿಯೊಂದಕ್ಕೂ ತನ್ನ ಊರು, ತನ್ನ ಹೊತ್ತು, ತಾನು ಎಲ್ಲಿಯವರೆಗೆ ಬಂದಿದ್ದೇನೆ ಎಂಬ ನೆನಪು ಬೇರೆ ಬೇರೆ. ಕಾಯಬೇಕಾದಾಗ ಅದು ಮಲಗುತ್ತದೆ, ಯಾರಾದರೂ ಎಬ್ಬಿಸಿದಾಗ ಬಿಟ್ಟ ಜಾಗದಿಂದಲೇ ಮುಂದುವರಿಯುತ್ತದೆ. ಓದಲು ಚೆನ್ನಾಗಿತ್ತು. ಒಂದು ವಾರದಲ್ಲಿ ಬರೆದು ಕಳಿಸಿಯೂಬಿಟ್ಟೆ. ಚಕ್ಕಡಿಯ ನಮೂನೆ ನಾಲ್ಕು ಸಾಲು, ಅದರಲ್ಲಿ ಊರು ಮತ್ತು ಚೀಟಿ ಸಂಖ್ಯೆ ಮಾತ್ರ. ಉಳಿದ ನೂರೈವತ್ತು ಸಾಲುಗಳಲ್ಲಿ, ಎಲ್ಲ ಚಕ್ಕಡಿಗಳನ್ನೂ ಪ್ರತಿ ನಿಮಿಷ ನೋಡಿ ನೀನು ಏಳು, ನೀನು ಕೂಡು ಎನ್ನುವ ಒಂದು ದೊಡ್ಡ ಸುತ್ತು.

ಗೆಳತಿ ಅದನ್ನು ಓಡಿಸಲೇ ಇಲ್ಲ. ಹಾಳೆಯ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದು ವಾಪಸು ಕಳಿಸಿದಳು. "ಇದು ಹೊಸ ಸೀರೆ ಉಟ್ಟ ಫೋರ್ಟ್ರಾನ್."

ಹಾಳೆ ಮುದ್ದೆ ಮಾಡಿ ಮೂಲೆಗೆ ಎಸೆದೆ. ಒಂಬತ್ತು ದಿನ ಹಾಳು, ಸಭೆಗೆ ಇನ್ನು ಮೂರು ವಾರವೂ ಇರಲಿಲ್ಲ. ಸಿಟ್ಟು ಇಳಿದ ಮೇಲೆ ಮುದ್ದೆ ಬಿಡಿಸಿ ಓದಿದೆ. ಅವಳು ಹೇಳಿದ್ದು ಖರೇ ಇತ್ತು, ಆದರೆ ಬೇರೆ ಹೇಗೆ ಬರೆಯಬೇಕೆಂಬುದು ಹೊಳೆಯಲಿಲ್ಲ. ಎಲ್ಲವನ್ನೂ ನೋಡುವವರು ಒಬ್ಬರಿಲ್ಲದೆ ಅಂಗಳ ನಡೆಯುವುದು ಹೇಗೆ? ಆ ಪ್ರಶ್ನೆ ಹೊತ್ತು ಮತ್ತೆ ಬಬಲೇಶ್ವರದ ಬಸ್ಸು ಹತ್ತಿದೆ.

ಆ ದಿನ ಗದ್ದಲ ಜೋರಿತ್ತು, ಅಂಗಳದಲ್ಲಿ ಮೂರು ಊರಿನ ಚಕ್ಕಡಿ ಇದ್ದವು. ಒಂದೊಂದು ಊರಿನವರೂ ತಮ್ಮಷ್ಟಕ್ಕೆ ಕೊಳ್ಳು ಕಟ್ಟಿ ಹೊರಡುತ್ತಿದ್ದರು. ತೂಗುವವರು ಊರಿನ ಹೆಸರು ಕೂಗಿ ಒಳಗೆ ಕರೆಯುತ್ತಿದ್ದರು, ಹೊರಡುವವರನ್ನು ತಲೆ ಎತ್ತಿಯೂ ನೋಡುತ್ತಿರಲಿಲ್ಲ.

"ಕಾಕಾರ, ಯಾವ ಚಕ್ಕಡಿ ಯಾವಾಗ ಹೊಂಡಬೇಕಂತ ನಿಮಗ ಹೆಂಗ ಗೊತ್ತಾಗತೈತ್ರಿ?"

"ನನಗ್ಯಾಕ್ರಿ ಗೊತ್ತಾಗಬೇಕು?" ತೂಕದ ಕಲ್ಲು ಇಳಿಸುತ್ತಲೇ ಹೇಳಿದರು. "ಅದು ಗಾಡಿಯವಗ ಗೊತ್ತಿರತೈತಿ. ತನ್ನ ಮಂದಿ ಯಾರು, ಯಾರ್ದ ಆಗೇತಿ, ಯಾರ್ದ ಆಗಿಲ್ಲ, ಅಂವ ನೋಡ್ಕೋತಾನ. ಕಟ್ಟಕಡೀದವಂದು ತೂಕ ಆತಂದ್ರ ಅವನ ಎಲ್ಲಾರ್ನೂ ಎಬ್ಬಸ್ತಾನ. ನಾ ತೂಗಾಂವ. ತೂಗ್ತೇನಿ, ಮುಂದಿನಾಂವನ್ನ ಕರೀತೇನಿ. ಎಲ್ಲಾ ನಾನ ನೋಡ್ಕೋತ ಕುಂತ್ರ ತೂಗಾವ್ರು ಯಾರ್ರಿ?"

ನನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗುವುದಿಲ್ಲ ಎಂದುಕೊಂಡ ಮುದುಕಿಯ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಎಂಟು ವರ್ಷ ನಾನು ಬರೆದ ಒಂದೊಂದು ಪ್ರೋಗ್ರಾಮಿನಲ್ಲೂ ಆ ಮುದುಕಿ ನಾನೇ ಆಗಿದ್ದೆ. ಅಲ್ಲೇ ಚೀಲದ ಮೇಲೆ ಕುಳಿತು ವಹಿಯಲ್ಲಿ ಚಕ್ಕಡಿಯ ನಮೂನೆಯನ್ನು ಮೊದಲಿನಿಂದ ಬರೆದೆ. ಗೇಟಿಗೆ ಬರುತ್ತೇನೆ. ಜಾಗ ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ ಮಲಗುತ್ತೇನೆ. ನನ್ನ ಸರದಿಗೆ ತೂಗಿಸುತ್ತೇನೆ. ನನ್ನ ಊರಿನವರ ಬಾಕಿಯಲ್ಲಿ ಒಂದು ಕಳೆಯುತ್ತೇನೆ. ಬಾಕಿ ಮುಗಿದಿದ್ದರೆ ನನ್ನ ಊರಿನವರೆಲ್ಲರನ್ನೂ ಎಬ್ಬಿಸುತ್ತೇನೆ. ಮಲಗುತ್ತೇನೆ, ಎಬ್ಬಿಸಿದಾಗ ಹೋಗುತ್ತೇನೆ. ಕಾಟಾದ ನಮೂನೆ ಇನ್ನೂ ಚಿಕ್ಕದು. ಸಾಲಿನಲ್ಲಿ ಯಾರಾದರೂ ಇದ್ದರೆ ಕರೆಯುತ್ತೇನೆ, ಇಷ್ಟು ನಿಮಿಷ ತೂಗುತ್ತೇನೆ, ಬಿಡುತ್ತೇನೆ. ಗೇಟಿಗೂ ಅಂಥದೇ ಒಂದು, ಬಂದವರಿಗೆ ಬಂದ ಹಾಗೆ ಚೀಟಿ ಕೊಡುತ್ತೇನೆ. ಎಲ್ಲವನ್ನೂ ನೋಡುವ ದೊಡ್ಡ ಸುತ್ತು ಬೇಕಾಗಲೇ ಇಲ್ಲ.

ಮರುದಿನ ಬೆಳಿಗ್ಗೆ ಕಾರ್ಯದರ್ಶಿಯ ಕಚೇರಿಗೆ ಹೋಗಿ, ನನ್ನ ವರದಿಯನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಕೈಯಿಂದ ಬರೆದ ಕಾಗದ ಕೊಟ್ಟೆ. ಅವರು ಎರಡು ಸಲ ಓದಿದರು.

"ನೀವ ಬರದದ್ದು ನೀವ ಅಳಸಾಕ ಬಂದೀರೇನ್ರಿ?"

"ಹೌದ್ರಿ. ಅದು ತಪ್ಪೈತಿ."

"ಹಂಗಾರ ಸರಿ ಉತ್ತರ ಏನ್ರಿ?"

"ಇನ್ನಾ ಗೊತ್ತಿಲ್ರಿ. ಸಭಾ ಆಗೂದ್ರಾಗ ಹೇಳ್ತೇನಿ."

"ಆಗಲಿಲ್ಲಂದ್ರ?"

"ಆಗಲಿಲ್ಲಂದ್ರ ಗೊತ್ತಾಗಲಿಲ್ಲಂತ ಹೇಳ್ತೇನಿ. ಆದ್ರ ಆ ಹಾಳಿ ಹಿಡ್ಕೊಂಡು ಬಬಲೇಶ್ವರದ ಏಳು ಮಂದೀನ್ನ ಮನಿಗೆ ಕಳಸಬ್ಯಾಡ್ರಿ."

ಅವರು ಕಾಗದವನ್ನು ಕಡತಕ್ಕೆ ಸೇರಿಸಿದರು, ಮುಖ ಮಾತ್ರ ಗಂಟಾಗಿತ್ತು. ಪುಣೆಗೆ ಈ ಸುದ್ದಿ ಹೋದರೆ ನನ್ನ ಗತಿ ಏನು ಎಂಬ ಚಿಂತೆ ಮೆಟ್ಟಿಲು ಇಳಿಯುವಾಗ ಹತ್ತಿಕೊಂಡಿತು. ಮಾಡಿದ್ದುಣ್ಣೋ ಮಹರಾಯ ಎಂದು ನನಗೆ ನಾನೇ ಹೇಳಿಕೊಂಡೆ.

ಇನ್ನು ಅಂಚೆಯನ್ನು ನಂಬಿ ತಪ್ಪು ಮಾಡುವಷ್ಟು ದಿನಗಳು ಉಳಿದಿರಲಿಲ್ಲ. ಯಂತ್ರಕ್ಕೆ ಕೊಡುವ ಮೊದಲೇ ನೆಲದ ಮೇಲೆ ಓಡಿಸಿ ನೋಡಬೇಕೆಂದು ಭಾನುವಾರ ವೈನಿಯನ್ನು ಹಿಡಿದು ಕೂಡಿಸಿದೆ. ಒಂದೊಂದು ಚಕ್ಕಡಿಗೆ ಒಂದೊಂದು ಚೀಟಿ, ಅದರ ಮೇಲೆ ಅದರ ಊರು, ಅದು ಮಾಡಬೇಕಾದ ಆರು ಸಾಲು, ಈಗ ಯಾವ ಸಾಲಿನಲ್ಲಿದೆ ಎಂದು ತೋರಿಸಲು ಒಂದು ಹುಣಸೆ ಬೀಜ. ವೈನಿ ಚಕ್ಕಡಿಗಳನ್ನು ನಡೆಸುವವಳು, ನಾನು ಕಾಟಾ. ಚೀಟಿಯ ಮೇಲೆ ಇದ್ದಷ್ಟೇ ಮಾಡು, ನಿನ್ನ ತಲೆ ಓಡಿಸಬೇಡ ಎಂದು ಅವಳಿಗೆ ಕಟ್ಟಪ್ಪಣೆ. ಪಡಸಾಲೆಯಲ್ಲಿ ಊಟದ ಹೊತ್ತಿನವರೆಗೂ ಆಡಿದೆವು.

ನಿಡೋಣಿಯ ಒಂಬತ್ತನೇ ಚೀಟಿಯ ತೂಕ ಮುಗಿಯಿತು. ವೈನಿ ಸಾಲು ಓದಿದಳು, ಎಂಟು ಬೀಜ ಸರಿಸಿದಳು, ಎಂಟು ಚೀಟಿಯನ್ನು ಹೊಸ್ತಿಲಾಚೆ ಇಟ್ಟಳು. ಆಮೇಲೆ ಒಂಬತ್ತನೇ ಚೀಟಿಯನ್ನೇ ನೋಡುತ್ತ ಕುಳಿತಳು.

"ಎಲ್ಲಾರ್ನೂ ಎಬ್ಬಿಸಿ ಇಂವ ತಾನ ಮಲಕ್ಕೊಂಡಾನಲ್ಲ" ಎಂದಳು.

"ಅಂವನೂ ಹೋಗ್ತಾನಲ್ಲ."

"ಎಲ್ಲಿ ಬರದಿ? ಇಲ್ಲಿ ಮಲಗು ಅಂತನ ಐತಿ. ನಿನ್ನ ತಲಿ ಓಡಸಬ್ಯಾಡ ಅಂದಾಕಿ ನೀನ. ಈಗ ಇವನ್ನ ಎಬ್ಬಸಾವ್ರು ಯಾರು?"

ಯಾರೂ ಇರಲಿಲ್ಲ. ಯಂತ್ರದಲ್ಲಾಗಿದ್ದರೆ ಈ ಒಂದು ತಪ್ಪಿಗೆ ಒಂಬತ್ತು ದಿನ ತೆರಬೇಕಾಗುತ್ತಿತ್ತು. ವೈನಿ ಶಾಲೆಯಲ್ಲಿ ಕಲಿತದ್ದು ಏಳನೇ ಇಯತ್ತೆಯವರೆಗೆ. ಆ ಮಧ್ಯಾಹ್ನ ಅವಳು ಇನ್ನೂ ಎರಡು ತಪ್ಪು ಹಿಡಿದಳು, ಹಿಡಿದಾಗಲೆಲ್ಲ ನನ್ನ ಕಡೆ ನೋಡಿ ನಕ್ಕಳು.

ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಮರುದಿನವೇ ಸೊಲ್ಲಾಪುರದ ಮೇಲಿಂದ ಮುಂಬೈಗೆ ಹೊರಟೆ. ಕಾರ್ಡುಗಳಿಗೆ ತೂತು ಹೊಡೆಯಲು ಒಂದು ದಿನ, ಅಲ್ಪವಿರಾಮ ಅರ್ಧವಿರಾಮಗಳ ತಪ್ಪು ತಿದ್ದಲು ಇನ್ನೊಂದು. ಮೂರನೇ ದಿನ ಪ್ರೋಗ್ರಾಮು ಓಡಿತು. ಬಬಲೇಶ್ವರ ಮುಚ್ಚಿದೆ, ಎಲ್ಲ ಊರಿನ ಚಕ್ಕಡಿಗಳೂ ತಿಕೋಟಾಕ್ಕೆ ಬರುತ್ತವೆ, ಎರಡು ತಕ್ಕಡಿ, ಗೇಟಿನಲ್ಲಿ ಈಗಿರುವಂತೆ ಬಂದವರಿಗೆ ಬಂದ ಹಾಗೆ ಚೀಟಿ. ಕಾಗದದ ಮೇಲೆ ಸಾಲುಗಳು ಇಳಿಯುತ್ತ ಬಂದವು. ಇಂಥ ಚಕ್ಕಡಿ ಬಂತು, ಇಂಥದರ ತೂಕವಾಯಿತು, ಇಂಥದು ಮಲಗಿತು. ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ನಿಂತುಹೋಯಿತು. ಅಲ್ಲಿಂದ ಸಂಜೆಯವರೆಗೆ ಒಂದು ಸಾಲೂ ಇಲ್ಲ. ಎರಡೂ ತಕ್ಕಡಿ ಖಾಲಿ.

"ನಿನ್ನ ಭಾಷೆ ಕೆಟ್ಟಿದೆ" ಎಂದೆ ಗೆಳತಿಗೆ.

"ಕುಣಿಯಾಕ ಬರದಾಕಿ ನೆಲ ಡೊಂಕ ಅಂದ್ಳಂತ" ಎಂದಳು ಅವಳು.

ಆ ಇಡೀ ದಿನ ತಪ್ಪು ಹುಡುಕಿದೆವು. ಸಾಲು ಸಾಲಾಗಿ ಓದಿದೆವು, ಸಿಗಲಿಲ್ಲ. ಕಡೆಗೆ ಅವಳೇ, ಒಂದೂ ಇಪ್ಪತ್ತಕ್ಕೆ ಅಂಗಳದಲ್ಲಿರುವ ಒಂದೊಂದು ಚಕ್ಕಡಿಯನ್ನೂ ನೀನು ಯಾರು, ಯಾಕೆ ಮಲಗಿದ್ದೀ ಎಂದು ಕೇಳೋಣ ಎಂದಳು. ಅದಕ್ಕೆ ಒಂದು ಸಾಲು ಸೇರಿಸಿದರೆ ಸಾಕಾಗಿತ್ತು, ಏಕೆಂದರೆ ಈಗ ಉತ್ತರ ಚಕ್ಕಡಿಯ ಹತ್ತಿರವೇ ಇತ್ತು. ಮೂವತ್ತು ಚಕ್ಕಡಿಗಳೂ ಹೇಳಿದವು. ಎಲ್ಲದರ ತೂಕವೂ ಆಗಿದೆ, ಎಲ್ಲವೂ ತಮ್ಮ ಊರಿನ ಇನ್ನೊಂದಕ್ಕಾಗಿ ಕಾಯುತ್ತಿವೆ. ಆ ಇನ್ನೊಂದು ಗೇಟಿನ ಹೊರಗಿದೆ. ಅದು ಯಾಕೆ ಒಳಗೆ ಬರುತ್ತಿಲ್ಲ? ಒಳಗೆ ಜಾಗವಿಲ್ಲ. ಒಳಗಿನವರು ಹೊರಗಿನವರಿಗಾಗಿ, ಹೊರಗಿನವರು ಒಳಗಿನವರಿಗಾಗಿ.

ಊರಿಂದ ಕೂಡಿ ಹೊರಟರೂ ಹಾದಿಯಲ್ಲಿ ನಿಧಾನದ ಎತ್ತುಗಳು ಹಿಂದೆ ಬೀಳುತ್ತವೆ, ನಡುವೆ ಬೇರೆ ಊರಿನವು ಸೇರುತ್ತವೆ. ಗೇಟಿನಲ್ಲಿ ಬಂದಂತೆ ಚೀಟಿ ಕೊಟ್ಟರೆ ನಿಡೋಣಿಯ ಮೊದಲನೆಯದು ಮೂರನೇ ಚೀಟಿ, ಕೊನೆಯದು ನಲವತ್ತೊಂದು. ಪ್ರೋಗ್ರಾಮಿನಲ್ಲಿ ತಪ್ಪಿರಲಿಲ್ಲ. ಅದು ನಮಗೆ ಉತ್ತರ ಹೇಳಿ ಕೈಕಟ್ಟಿ ನಿಂತಿತ್ತು. ಗೆಳತಿಯ ಕೈ ಹಿಡಿದು ಕುಲುಕಿಬಿಟ್ಟೆ. ಬಬಲೇಶ್ವರ ಉಳಿಯಿತು ಎಂದು ಎಷ್ಟು ಸಂತೋಷಪಟ್ಟೆನೆಂದರೆ, ಅಲ್ಲಿಗೇ ಗಂಟು ಕಟ್ಟಿ ವಾಪಸು ಬಂದುಬಿಡಬೇಕಿತ್ತು.

ಬರಲಿಲ್ಲ. ಬಬಲೇಶ್ವರದಲ್ಲಿ ಯಾಕೆ ಹೀಗಾಗುವುದಿಲ್ಲ ಎಂಬ ಹುಳ ತಲೆಯಲ್ಲಿ ಕೊರೆಯುತ್ತಿತ್ತು. ಅಲ್ಲಿಯ ಅಂಗಳ ಇನ್ನೂ ಚಿಕ್ಕದು. ನೆನಪಾಯಿತು, ಗದ್ದಲವಿಲ್ಲದ ದಿನ ಬಂದವರನ್ನು ಬಂದಂತೆ ತೂಗಿದರೂ, ನನ್ನ ಎರಡನೇ ಭೇಟಿಯಂಥ ಗದ್ದಲದ ದಿನ ಆ ತೂಗುವ ಹಿರಿಯರು ಚಕ್ಕಡಿಯನ್ನು ಕರೆಯುತ್ತಲೇ ಇರಲಿಲ್ಲ, ಊರನ್ನು ಕರೆಯುತ್ತಿದ್ದರು. ಒಂದು ಊರಿನವರೆಲ್ಲ ಬಂದು ಸೇರುವವರೆಗೆ ಒಳಗೆ ಬಿಡುತ್ತಿರಲಿಲ್ಲ. ಸೇರಿದ ಮೇಲೆ ಅವರಷ್ಟನ್ನೂ ಒಟ್ಟಿಗೆ ತೂಗಿ ಒಟ್ಟಿಗೆ ಕಳಿಸುತ್ತಿದ್ದರು. ಚಕ್ಕಡಿಯ ನಮೂನೆಯನ್ನು ಮುಟ್ಟದೆ ಗೇಟಿನ ನಮೂನೆಯಲ್ಲಿ ಮೂರೇ ಸಾಲು ಬದಲಿಸಿದೆ. ಹಳೆಯ ಪ್ರೋಗ್ರಾಮಿನಲ್ಲಾಗಿದ್ದರೆ ಇದಕ್ಕೆ ಹದಿನೈದು ದಿನ ಬೇಕಾಗುತ್ತಿತ್ತು. ಓಡಿಸಿದೆವು. ತಿಕೋಟಾದ ಅಂಗಳ ನಾಲ್ಕು ಗಂಟೆಗೆ ಖಾಲಿಯಾಯಿತು. ಅತಿ ಹೆಚ್ಚು ಚಕ್ಕಡಿ ಬರುವ ದಿನವೂ ಖಾಲಿಯಾಯಿತು.

ಊರಿನ ಸರದಿ ಇಟ್ಟರೆ ಬಬಲೇಶ್ವರದ ಕಾಟಾ ಬೇಕಾಗಿರಲಿಲ್ಲ.

ಆ ಎರಡನೇ ಕಾಗದವನ್ನು ಹರಿದು ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸೊಲ್ಲಾಪುರದವರೆಗೂ ಆ ಯೋಚನೆ ಬಿಡಲಿಲ್ಲ. ಆದರೆ ಒಮ್ಮೆ ಸುಳ್ಳನ್ನು ತಿಳಿಯದೆ ಬರೆದಿದ್ದೆ, ಈ ಸಲ ತಿಳಿದು ಬರೆಯುವುದು ನನ್ನಿಂದ ಆಗುತ್ತಿರಲಿಲ್ಲ. ಸಭೆಯ ಹಿಂದಿನ ದಿನ ಬಬಲೇಶ್ವರಕ್ಕೆ ಹೋಗಿ ತೂಗುವವರಿಗೆ ಮೊದಲು ಹೇಳಿದೆ. ಅವರ ಪದ್ಧತಿಯನ್ನು ತಿಕೋಟಾಕ್ಕೆ ಒಯ್ದರೆ ಅವರ ಅಂಗಳವನ್ನೇ ಮುಚ್ಚಬಹುದು ಎಂಬುದನ್ನು ಬಾಯಿಬಿಟ್ಟು ಹೇಳುವುದು ಕಷ್ಟವಾಯಿತು, ಕಣ್ಣಲ್ಲಿ ನೀರು ಬಂತು.

ಅವರು ಒಮ್ಮೆ ಗೋದಾಮಿನ ಕಡೆ ನೋಡಿ ಕೇಳಿದರು. "ಈ ಸಲ ಖರೇ ಐತೇನ್ರಿ?"

"ಖರೇ ಐತ್ರಿ."

"ಹಂಗಾರ ಹೇಳ್ರಿ. ಮುಚ್ಚಿಟ್ರ ಅದು ನಿಮ್ಮನ್ನ ಕಾಡತೈತಿ."

ಸಭೆಯಲ್ಲಿ ಎರಡೂ ಕಾಗದ ಹರವಿ ಹೇಳಿದೆ. ಎರಡನೇ ತಕ್ಕಡಿ ಹಾಕಿ ಹಳೆಯ ಚೀಟಿ ಪದ್ಧತಿಯನ್ನೇ ಇಟ್ಟರೆ ಮಧ್ಯಾಹ್ನಕ್ಕೆ ಎಲ್ಲ ನಿಲ್ಲುತ್ತದೆ ಎಂದಾಗ, ಘೋಣಸಗಿಯ ಸದಸ್ಯರೊಬ್ಬರು, "ಹೋದ ಸುಗ್ಗ್ಯಾಗ ಗೇಟಿನ್ಯಾಗ ಬಡದಾಡಿದ್ದು ಇದಕ್ಕ ನೋಡ್ರಿ" ಎಂದರು. ಊರಿನ ಸರದಿ ಇಟ್ಟರೆ ಒಂದೇ ಅಂಗಳ ಸಾಕು, ಆದರೆ ಅದನ್ನು ನಡೆಸಲು ಯಾವ ಚಕ್ಕಡಿ ಯಾವ ಊರಿನದೆಂದು ಬಲ್ಲವರು ಗೇಟಿನಲ್ಲಿ ಬೇಕು, ಅಂಥವರು ಸಂಘದಲ್ಲಿ ಒಬ್ಬರೇ ಇದ್ದಾರೆ ಎಂದು ಗಟ್ಟಿಯಾಗಿ ಹೇಳಿದೆ. ಬಬಲೇಶ್ವರದ ಕಾಟಾ ಮುಚ್ಚುವುದೆಂದೂ, ಅಲ್ಲಿ ತೂಗುವ ಹಿರಿಯರನ್ನು ತಿಕೋಟಾಕ್ಕೆ ತೆಗೆದುಕೊಳ್ಳುವುದೆಂದೂ ತೀರ್ಮಾನವಾಯಿತು. ಗೆದ್ದೆನೋ ಸೋತೆನೋ ತಿಳಿಯಲಿಲ್ಲ. ಪುಣೆಗೆ ಹೋದೆ. ಸಂಸ್ಥೆಯಲ್ಲಿ ಸಿಮ್ಯುಲಾ ಕಲಿಸು ಎಂದರು, ಕಲಿಸಿದೆ.

ಮುಂದಿನ ಸುಗ್ಗಿಯಲ್ಲಿ ಎರಡು ದಿನ ರಜೆ ಹಾಕಿ ತಿಕೋಟಾಕ್ಕೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಗೇಟಿನಲ್ಲಿ ಗದ್ದಲವಿರಲಿಲ್ಲ. ಹಿರಿಯರು ಎರಡು ತಕ್ಕಡಿಯ ನಡುವೆ ನಿಂತು ಊರಿನ ಹೆಸರು ಕೂಗುತ್ತಿದ್ದರು, ಚಕ್ಕಡಿಗಳು ಗುಂಪಾಗಿ ಬಂದು ಗುಂಪಾಗಿ ಹೋಗುತ್ತಿದ್ದವು. ಕೈಯಲ್ಲಿದ್ದ ಹಳೆಯ ಕಾಗದದೊಂದಿಗೆ ಗಡಿಯಾರ ಹೋಲಿಸಿದೆ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅಂಗಳ ಖಾಲಿ. ಹಿಗ್ಗಿನಿಂದ ಅವರ ಹತ್ತಿರ ಹೋದೆ.

ಬಬಲೇಶ್ವರದ ಹಮಾಲರಲ್ಲಿ ನಾಲ್ವರು ಕಂಡರು. ಆ ಇಬ್ಬರು ವಯಸ್ಸಾದವರು ಕಾಣಲಿಲ್ಲ.

"ಅವ್ರಿಬ್ರು ಎಲ್ಲ್ಯಾರ್ರಿ ಕಾಕಾರ?"

"ತಗೊಳ್ಳಿಲ್ರಿ. ಇಲ್ಲಿ ಎರಡನೇ ತಕ್ಕಡಿಗೆ ನಾಕ ಮಂದಿ ಸಾಕಂದ್ರು. ಒಬ್ಬಾಂವ ಹತ್ತಿ ಬಿಡಸಾಕ ಕೂಲಿಗೆ ಹೋಗಾಕತ್ತಾನ. ಇನ್ನೊಬ್ಬಾಂವ ಮನ್ಯಾಗ ಕುಂತಾನ." ರುಮಾಲು ತೆಗೆದು ಮುಖ ಒರೆಸಿಕೊಂಡರು. "ಅಕ್ಕಾರ, ಒಂದ ಮಾತ ಕೇಳ್ತೇನಿ. ನಿಮ್ಮ ಮಷೀನಿನ್ಯಾಗ ಚಕ್ಕಡಿ ಇದ್ದೂ, ಕಾಟಾ ಇತ್ತು, ಗೇಟ್ ಇತ್ತು. ಹಮಾಲ್ರು ಇದ್ರೇನ್ರಿ?"

ಇರಲಿಲ್ಲ. ಒಂದು ಚಕ್ಕಡಿ ತೂಗಲು ಇಷ್ಟು ನಿಮಿಷ ಎಂದು ಕಾಟಾದ ನಮೂನೆಯಲ್ಲಿ ಒಂದು ಅಂಕಿ ಬರೆದಿದ್ದೆ. ಆರು ಜನರ ಬೆನ್ನು ಆ ಅಂಕಿಯೊಳಗಿತ್ತು. ಆರರ ಬದಲು ನಾಲ್ವರಾದರೆ ಏನಾಗುತ್ತದೆ ಎಂದು ಆ ಪ್ರೋಗ್ರಾಮನ್ನು ಕೇಳಲು ಬರುವಂತೆಯೇ ಇರಲಿಲ್ಲ.

"ಇರಲಿಲ್ರಿ" ಎಂದೆ.

"ಹಂಗಾರ ಈಗ ಹಾಕ್ರಿ" ಎಂದರು ಅವರು, ಮುಂದಿನ ಕೆಲಸ ಹೇಳುವಷ್ಟೇ ಸಹಜವಾಗಿ.

ವಹಿ ತೆಗೆದು ಇಬ್ಬರ ಹೆಸರು ಕೇಳಿ ಬರೆದುಕೊಂಡೆ. ಐದು ಗಂಟೆಯ ಬಸ್ಸಿಗೆ ವಿಜಾಪುರಕ್ಕೆ ಹೋಗಿ, ಕಾರ್ಯದರ್ಶಿ ಕಚೇರಿಗೆ ಬೀಗ ಹಾಕುವ ಮೊದಲೇ ಅವರ ಎದುರಿನ ಕುರ್ಚಿಯಲ್ಲಿ ಕುಳಿತೆ. ನನ್ನ ವರದಿ ಮತ್ತೆ ತಪ್ಪಾಗಿದೆ, ಅದರಲ್ಲಿ ಹಮಾಲರೇ ಇಲ್ಲ ಎಂದೆ.